ಪೊಟ್ಟಣದ ಮೇಲಿನ ಬೆಲೆ ಕೊಳ್ಳುವವರನ್ನು ಕಾಯುತ್ತದೆಯೇ?

ಕಾಫಿ, ಅಡಿಕೆ ಬೆಳೆಯುವವರ ಪತ್ರಿಕೆಯಲ್ಲಿ ಕಿರಾಣಿ ಅಂಗಡಿಯ ವಿಚಾರವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಧಾರಣೆ, ಕೊಳೆರೋಗ, ಕಾಂಡಕೊರಕ, ಕೂಲಿ ಸಮಸ್ಯೆ ಇವು ನಮ್ಮ ಪುಟಗಳಿಗೆ ಹೊಂದುವ ವಿಷಯಗಳು ನಿಜ. ಆದರೆ ನಾವು ಫಸಲು ಮಾರುವುದು ವರ್ಷದಲ್ಲಿ ಒಂದೆರಡು ಸಲ, ಅಂಗಡಿಯಲ್ಲಿ ಕೊಳ್ಳುವುದು ವರ್ಷವಿಡೀ. ಗೊಬ್ಬರ, ಸುಣ್ಣ, ಮೈಲುತುತ್ತ, ಬೇಳೆ, ಎಣ್ಣೆ, ಈಚೆಗೆ ಮೊಬೈಲಿನ ರೀಚಾರ್ಜು, ಟಿ.ವಿ.ಯ ಚಂದಾ ಎಲ್ಲಕ್ಕೂ ನಾವು ಗ್ರಾಹಕರೇ. ಅಲ್ಲದೆ ನಮ್ಮ ಬೆಳೆಯನ್ನು ಕೊನೆಗೆ ಹಣ ಕೊಟ್ಟು ಕೊಳ್ಳುವವರು ಎಲ್ಲೋ ದೂರದ ಊರಿನ ಗ್ರಾಹಕರು. ಅವರಿಗೆ ಮೋಸವಾದರೆ ಅದರ ಪೆಟ್ಟು ತಿರುಗಿ ತೋಟಕ್ಕೆ ಬಂದೇ ಬರುತ್ತದೆ.

ದೂರದ ಊರೆಂದರೆ ಎಷ್ಟು ದೂರ? ರಾಜ್ಯದ ಭೂಪಟದಲ್ಲಿ ನಮ್ಮ ತೋಟಗಳು ಒಂದು ಮೂಲೆಯಾದರೆ ಬೀದರ ಜಿಲ್ಲೆ ಅದಕ್ಕೆ ಎದುರು ಮೂಲೆ. ಬೀದರ ನಗರ, ಭಾಲ್ಕಿ, ಔರಾದಗಳಲ್ಲಿ ಕಾಫಿ ಗಿಡವಿಲ್ಲ, ಅಡಿಕೆ ತೋಟವಿಲ್ಲ. ಅಲ್ಲಿಯದು ತೊಗರಿ, ಸೋಯಾ, ಉದ್ದು, ಹೆಸರು, ಕಬ್ಬಿನ ಬೇಸಾಯ. ಕುಡಿಯುವುದು ಹೆಚ್ಚಾಗಿ ಚಹಾ. ಅಲ್ಲಿ ಕಾಫಿ ಕೊಳ್ಳುವವರಿಗೆ ಬೀಜದ ಗುಣ ನೋಡಿ ತಿಳಿಯುವ ರೂಢಿ ಇಲ್ಲ; ಪೊಟ್ಟಣದ ಮೇಲೆ ಅಚ್ಚಾದದ್ದೇ ಅವರಿಗೆ ಆಧಾರ. ಹಾಗೆಯೇ ಬೀದರದ ಕಡೆಯ ತೊಗರಿಬೇಳೆ ನಮ್ಮ ಮನೆಗೆ ಪೊಟ್ಟಣದಲ್ಲಿ ಬಂದಾಗ ನಾವೂ ಅಷ್ಟೇ ಅಜ್ಞಾನಿಗಳು. ಆದ್ದರಿಂದ ಬೆಲೆ ಮತ್ತು ಚಂದಾದ ಕಾನೂನುಗಳು ಗ್ರಾಹಕರಿಗೆ ನಿಜವಾಗಿ ಉಪಯೋಗವಾಗಿವೆಯೇ ಎಂದು ಪರೀಕ್ಷಿಸಲು ಬೆಂಗಳೂರಿನ ದೊಡ್ಡ ಮಳಿಗೆಗಿಂತ ಔರಾದದ ಕಿರಾಣಿ ದುಕಾನೇ ಸರಿಯಾದ ಜಾಗವೆಂದು ನಾವು ಭಾವಿಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕಾನೂನಿನಿಂದ ಉಪಯೋಗವಾಗಿದೆ. ಆದರೆ ಅದು ಎಲ್ಲರಿಗೂ ಒಂದೇ ಸಮನಾಗಿ ಆಗಿಲ್ಲ. ಪೊಟ್ಟಣದ ಮೇಲೆ ಅಚ್ಚಾಗಿ ತಾನಾಗಿ ಕೈಗೆ ಬರುವ ರಕ್ಷಣೆ ಔರಾದದವರಿಗೂ ಮುಟ್ಟಿದೆ. ದೂರು ಕೊಟ್ಟು ಪಡೆಯಬೇಕಾದ ರಕ್ಷಣೆ ಬಹುಮಟ್ಟಿಗೆ ಪೇಟೆಯಲ್ಲೇ ಉಳಿದಿದೆ.

ತೂಕದಿಂದ ಬೆಲೆಗೆ

ಮೊದಲು ತೂಕದ ವಿಚಾರ. ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದಿಂದ ಬಂದದ್ದು. 1956ರ ನವೆಂಬರ್ 1ರಂದು ಅದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷಾಂತ್ಯದಲ್ಲಿ ದೇಶಕ್ಕೆಲ್ಲ ಒಂದೇ ದಶಮಾನ ತೂಕ ಅಳತೆಯ ಕಾಯಿದೆ ಆಯಿತು. ಒಂದು ಸೀಮೆಯ ಸೇರಿಗೂ ಇನ್ನೊಂದು ಸೀಮೆಯ ಸೇರಿಗೂ ಇದ್ದ ವ್ಯತ್ಯಾಸದಲ್ಲಿ ಲಾಭ ಮಾಡುತ್ತಿದ್ದ ವ್ಯಾಪಾರಕ್ಕೆ ಅದರಿಂದ ಕಡಿವಾಣ ಬಿತ್ತು. ಈಗ ಯಾರೂ ಅದನ್ನು ಗ್ರಾಹಕ ಕಾನೂನೆಂದು ನೆನೆಯುವುದಿಲ್ಲ. ಅಷ್ಟರ ಮಟ್ಟಿಗೆ ಅದು ರೂಢಿಯಾಗಿ ಹೋಗಿದೆ.

ಬೆಲೆಯ ಅಚ್ಚು ಬಂದದ್ದು 1976ರ ತೂಕ ಅಳತೆ ಕಾಯಿದೆ ಮತ್ತು 1977ರ ಪೊಟ್ಟಣ ಸಾಮಗ್ರಿಗಳ ನಿಯಮಗಳಿಂದ. ಆದರೆ ಆಗ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚು ಹಾಕಲು ಅವಕಾಶವಿತ್ತು. ತೆರಿಗೆ ಎಷ್ಟೆಂದು ಕೊಳ್ಳುವವರಿಗೆ ಗೊತ್ತಿರಲಿಲ್ಲ, ಅಂಗಡಿಯವನು ಹೇಳಿದ್ದೇ ತೆರಿಗೆ. 1990ರ ತಿದ್ದುಪಡಿಯಿಂದ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನೇ ಅಚ್ಚು ಹಾಕಬೇಕೆಂದಾಯಿತು. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ 2011ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ಹಳೆಯದರ ಜಾಗದಲ್ಲಿ ನಿಂತಿತು. ಒಂದೇ ಸರಕಿಗೆ ಎರಡು ಬಗೆಯ ಗರಿಷ್ಠ ಬೆಲೆ ಅಚ್ಚು ಮಾಡುವುದನ್ನು 2018ರ ಜನವರಿ 1ರಿಂದ ನಿಷೇಧಿಸಲಾಯಿತು.

ಇದರ ಫಲ ಸಣ್ಣದಲ್ಲ. ಔರಾದದ ಬಸ್ ನಿಲ್ದಾಣದಲ್ಲಿ ಬಿಸ್ಕತ್ತು ಕೊಳ್ಳುವ ಮುದುಕಿಗೆ ಓದು ಬಾರದಿದ್ದರೂ ಅಂಕಿ ಗೊತ್ತಾಗುತ್ತದೆ. ಬೀದರ ನಗರದಲ್ಲಿ 20 ರೂಪಾಯಿ ಎಂದು ಅಚ್ಚಾದದ್ದು ಔರಾದದಲ್ಲಿಯೂ 20 ರೂಪಾಯಿ ದಾಟುವಂತಿಲ್ಲ. ಸಾಗಣೆ ಖರ್ಚಿನ ನೆವದಲ್ಲಿ ದೂರದವರನ್ನು ಸುಲಿಯುವುದಕ್ಕೆ ಇದು ನಿಜವಾದ ತಡೆ. ತಂಪು ಪಾನೀಯಕ್ಕೆ ‘ತಂಪು ಮಾಡಿದ ಖರ್ಚು’ ಎಂದು ಎರಡು ರೂಪಾಯಿ ಮೇಲೆ ಕೇಳುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಆದರೆ ಕೇಳುವವನಿಗೂ ಅದು ತಪ್ಪೆಂದು ಗೊತ್ತಿರುತ್ತದೆ. (ಹೋಟೆಲಿನಲ್ಲಿ ಕುಳಿತು ಕುಡಿಯುವ ನೀರಿನ ಬಾಟಲಿಗೆ ಈ ಮಿತಿ ಅನ್ವಯಿಸದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ ಎಂಬುದನ್ನು ಸದಸ್ಯರು ನೆನಪಿಡಬೇಕು.)

ಆದರೆ ಒಂದು ಮಾತು. ಗರಿಷ್ಠ ಬೆಲೆಯನ್ನು ನಿಗದಿ ಮಾಡುವವರು ಸರ್ಕಾರದವರೆಂದು ಅನೇಕರು ತಿಳಿದಿದ್ದಾರೆ. ಯೂರಿಯಾ, ಕೆಲವು ಔಷಧಿಗಳಂಥ ಪದಾರ್ಥಗಳನ್ನು ಬಿಟ್ಟರೆ ಅದು ನಿಜವಲ್ಲ. ಪೊಟ್ಟಣ ಕಟ್ಟಿದವನೇ ತನಗೆ ಬೇಕಾದ ಅಂಕಿ ಅಚ್ಚು ಹಾಕುತ್ತಾನೆ. ಅದನ್ನು ದಾಟಬೇಡ ಎಂದಷ್ಟೇ ಕಾನೂನು ಅಂಗಡಿಯವನಿಗೆ ಹೇಳುತ್ತದೆ. 2025-26ರ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ, ಅಂದರೆ ಕಿಲೋಗೆ 80 ರೂಪಾಯಿ. ಬೇಳೆಯ ಪೊಟ್ಟಣದ ಮೇಲೆ ಎಷ್ಟು ಅಚ್ಚಾಗಿದೆ ಎಂದು ಸದಸ್ಯರು ತಮ್ಮ ಮನೆಯಲ್ಲಿಯೇ ನೋಡಿಕೊಳ್ಳಲಿ. ಗಿರಣಿ, ಸಾಗಣೆ, ಪೊಟ್ಟಣ, ಅಂಗಡಿಯವನ ಪಾಲು ಎಲ್ಲವೂ ನ್ಯಾಯವಾಗಿಯೇ ಸೇರಿರಬಹುದು. ಆದರೆ ಭಾಲ್ಕಿಯ ರೈತನಿಗೆ ಸಿಕ್ಕಿದ್ದೆಷ್ಟು, ನಡುವೆ ಉಳಿದದ್ದೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ಕಾಫಿಗೂ ಇದೇ ಮಾತು ಹೊಂದುತ್ತದೆ.

ಕಾಫಿ ಎಷ್ಟು, ಚಿಕೋರಿ ಎಷ್ಟು

ನಮ್ಮ ಬೆಳೆಗೆ ನೇರವಾಗಿ ಸಂಬಂಧಿಸಿದ ನಿಯಮ ಇನ್ನೊಂದಿದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡ 51ಕ್ಕೆ ಕಡಿಮೆ ಇರಕೂಡದು. ಎರಡರ ಪಾಲನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಚಿಕೋರಿಯನ್ನು ನಾವು ದೂರುವುದಿಲ್ಲ. ದಟ್ಟ ಡಿಕಾಕ್ಷನ್ ಬೇಕೆನ್ನುವವರು ಕೇಳಿ ಪಡೆಯಲಿ. ಆದರೆ ಪೊಟ್ಟಣದ ತುಂಬ ಕಾಫಿ ಹಣ್ಣಿನ ಚಿತ್ರ ಬರೆದು, ಶೇಕಡ 47 ಚಿಕೋರಿ ಎಂಬುದನ್ನು ಹಿಂಬದಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಹಾಕಿದರೆ, ಕಾಫಿ ಕುಡಿದು ಅಭ್ಯಾಸವಿಲ್ಲದ ಊರಿನ ಗ್ರಾಹಕರು ಆ ರುಚಿಯನ್ನೇ ಕಾಫಿಯ ರುಚಿ ಎಂದು ತಿಳಿಯುತ್ತಾರೆ. ಅಲ್ಲಿ ನಷ್ಟವಾಗುವುದು ಅವರಿಗೂ, ನಮಗೂ.

2021ರಲ್ಲಿ ಹೊರಡಿಸಿದ ತಿದ್ದುಪಡಿಯಿಂದ ಪೊಟ್ಟಣದ ಮೇಲೆ ಬಿಡಿ ಬೆಲೆಯನ್ನೂ, ಅಂದರೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟೆಂಬುದನ್ನೂ, ಹೇಳಬೇಕೆಂದಾಗಿದೆ. ಅದರ ಜೊತೆಗೇ ಕಾಫಿ, ಚಹಾ, ಬೇಳೆ ಮುಂತಾದವುಗಳನ್ನು ಇಂತಿಷ್ಟೇ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂದಿದ್ದ ಹಳೆಯ ಕಟ್ಟು ಹೋಯಿತು. ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. 100 ಗ್ರಾಮಿನ ಪೊಟ್ಟಣ 60 ರೂಪಾಯಿ. ಪಕ್ಕದಲ್ಲಿ 85 ಗ್ರಾಮಿನದು 55 ರೂಪಾಯಿ. ಕಣ್ಣಿಗೆ ಎರಡನೆಯದು ಅಗ್ಗ. ಗ್ರಾಮಿನ ಲೆಕ್ಕದಲ್ಲಿ ಮೊದಲನೆಯದು 60 ಪೈಸೆ, ಎರಡನೆಯದು ಸುಮಾರು 65 ಪೈಸೆ. ತೂಕದ ಕಟ್ಟು ಸಡಿಲಿಸಿದ ಮೇಲೆ ಈ ಬಿಡಿ ಬೆಲೆಯೊಂದೇ ಗ್ರಾಹಕರ ಕೈಯ ತಕ್ಕಡಿ. ಅದನ್ನು ಓದುವ ಅಭ್ಯಾಸ ಇನ್ನೂ ನಮ್ಮಲ್ಲಿಯೂ ಬಂದಿಲ್ಲ, ಬೀದರದಲ್ಲಿಯೂ ಬಂದಂತಿಲ್ಲ.

ಇಲ್ಲಿ ಎರಡು ಕೊರತೆಗಳನ್ನು ಹೇಳಲೇಬೇಕು. ಒಂದು, ಈ ನಿಯಮಗಳ ಪ್ರಕಾರ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಆಡುವ ಬೀದರ ಸೀಮೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರ ಎಷ್ಟು ಜನರನ್ನು ಕಾಯಬಲ್ಲದು? ರಾಜ್ಯದಲ್ಲಿ ತಯಾರಾದ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು 2025ರಲ್ಲಿ ರಾಜ್ಯ ಸರ್ಕಾರ ಆದೇಶಿಸಿರುವುದು ಸ್ವಾಗತಾರ್ಹ. ಎರಡು, ತಂಬಾಕಿನಂಥ ಕೆಲವನ್ನು ಬಿಟ್ಟರೆ 10 ಗ್ರಾಂ ಅಥವಾ ಅದಕ್ಕೂ ಕಡಿಮೆ ತೂಕದ ಪೊಟ್ಟಣಗಳಿಗೆ ಈ ನಿಯಮಗಳಿಂದ ವಿನಾಯಿತಿ ಇದೆ. ದಿನಗೂಲಿಯ ಮನೆಯವರು ಕಾಲು ಕಿಲೋ ಡಬ್ಬಿ ಕೊಳ್ಳುವುದಿಲ್ಲ. ಅಂದಂದಿನ ಕಾಫಿಗೆ ಅಂದಂದೇ ಚಿಕ್ಕ ಪೊಟ್ಟಣ ಹರಿಯುತ್ತಾರೆ. ಅತಿ ಬಡವರು ಕೊಳ್ಳುವ ಪೊಟ್ಟಣಕ್ಕೇ ಕಾನೂನಿನ ಕಣ್ಣು ಮುಚ್ಚಿರುವುದು ವಿಚಿತ್ರವೆಂದು ನಮಗೆ ತೋರುತ್ತದೆ.

ತೆರಿಗೆ ಇಳಿದಾಗ

2025ರ ಸೆಪ್ಟೆಂಬರ್ 22ರಿಂದ ಇನ್‌ಸ್ಟಂಟ್ ಕಾಫಿಯ ಮೇಲಿನ ಜಿ.ಎಸ್.ಟಿ. ಶೇಕಡ 18ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 118 ರೂಪಾಯಿ ಇದ್ದದ್ದು 105 ಆಗಬೇಕು. ಇಳಿಸದೆ ಅದೇ ಬೆಲೆಗೆ ಮಾರಿದರೆ? ತೆರಿಗೆ ಇಳಿಕೆಯ ಲಾಭವನ್ನು ಗ್ರಾಹಕರಿಗೆ ದಾಟಿಸಬೇಕೆಂದು ಜಿ.ಎಸ್.ಟಿ. ಕಾಯಿದೆಯ 171ನೆಯ ಕಲಮು ಹೇಳುತ್ತದೆ. ಅದಕ್ಕೆಂದು 2017ರಲ್ಲಿ ಒಂದು ಪ್ರಾಧಿಕಾರವೂ ಆಗಿತ್ತು. 2022ರ ಡಿಸೆಂಬರ್‌ನಲ್ಲಿ ಆ ಕೆಲಸ ಸ್ಪರ್ಧಾ ಆಯೋಗಕ್ಕೆ, 2024ರಲ್ಲಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು. 2025ರ ಏಪ್ರಿಲ್ 1ರಿಂದ ಹೊಸ ದೂರುಗಳನ್ನು ತೆಗೆದುಕೊಳ್ಳುವುದೇ ನಿಂತಿತು. ಅಂದರೆ ತೆರಿಗೆ ಇಳಿಯುವ ಆರು ತಿಂಗಳ ಮುಂಚೆಯೇ ದೂರಿನ ಬಾಗಿಲು ಮುಚ್ಚಿತ್ತು. ಕಾಯಿದೆಯ ಪುಸ್ತಕದಲ್ಲಿ ಕಲಮು ಇರುವುದು ಬೇರೆ, ಅದನ್ನು ನಡೆಸುವ ಕೈ ಇರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಚಂದಾದ ಲೆಕ್ಕ

ಹಿಂದೆ ಚಂದಾ ಎಂದರೆ ಪತ್ರಿಕೆಗೆ, ಸಂಘಕ್ಕೆ. ಈಗ ಫೋನಿಗೆ, ಟಿ.ವಿ.ಗೆ, ಸಿನಿಮಾಕ್ಕೆ, ಪ್ರತಿಯೊಂದಕ್ಕೂ ಚಂದಾ. ಮೊಬೈಲಿನ ‘ತಿಂಗಳ’ ರೀಚಾರ್ಜು ಹೆಚ್ಚಾಗಿ 28 ದಿನಗಳದು. 28ನ್ನು 13ರಿಂದ ಗುಣಿಸಿದರೆ 364. ವರ್ಷಕ್ಕೆ 12 ತಿಂಗಳಾದರೂ ಗ್ರಾಹಕರು ಕಟ್ಟುವುದು 13 ಸಲ. ಕನಿಷ್ಠ ಒಂದಾದರೂ 30 ದಿನದ, ಮತ್ತು ಪ್ರತಿ ತಿಂಗಳೂ ಒಂದೇ ತಾರೀಕಿಗೆ ನವೀಕರಿಸಬಹುದಾದ ಯೋಜನೆ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಇಂಟರ್‌ನೆಟ್ ಬೇಡದವರಿಗೆ ಬರಿಯ ಮಾತು ಮತ್ತು ಸಂದೇಶದ ಯೋಜನೆಯೂ ಇರಬೇಕೆಂದು 2024ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ಬಂತು. ಮಗ ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯುತ್ತಿದ್ದು, ಔರಾದ ತಾಲೂಕಿನ ಹಳ್ಳಿಯಲ್ಲಿ ಗುಂಡಿ ಒತ್ತುವ ಫೋನು ಹಿಡಿದು ಕುಳಿತ ತಾಯಿಗೆ ಇದು ಒಳ್ಳೆಯ ನಿಯಮ. ಆದರೆ ಇಂಥ ಯೋಜನೆ ಇದೆ ಎಂದು ಆಕೆಗೆ ಹೇಳುವವರು ಯಾರು? ರೀಚಾರ್ಜು ಅಂಗಡಿಯವನು ದುಬಾರಿಯದನ್ನೇ ಮುಂದಿಡುತ್ತಾನೆ. ಮೇಲಾಗಿ ಯೋಜನೆ ಇರಬೇಕೆಂದಿದೆಯೇ ಹೊರತು ಅದರ ಬೆಲೆ ಎಷ್ಟಿರಬೇಕೆಂದು ನಿಯಮವಿಲ್ಲ.

ಟಿ.ವಿ.ಯ ಕತೆ ಇನ್ನೂ ಬೋಧಪ್ರದ. ಬೇಕಾದ ಚಾನೆಲ್ಲಿಗೆ ಮಾತ್ರ ಹಣ ಕೊಡಿ ಎಂಬ ವ್ಯವಸ್ಥೆ 2019ರ ಫೆಬ್ರವರಿ 1ರಿಂದ ಬಂತು. ಆಗ 100 ಚಾನೆಲ್ಲುಗಳಿಗೆ ತೆರಿಗೆ ಬಿಟ್ಟು 130 ರೂಪಾಯಿ ಮೂಲ ಶುಲ್ಕವಿತ್ತು, ಅದರ ಮೇಲೆ ಆರಿಸಿಕೊಂಡ ಚಾನೆಲ್ಲುಗಳ ಬೆಲೆ. ಐದು ಜನಪ್ರಿಯ ಚಾನೆಲ್ಲಿಗೆ ತೃಪ್ತಿಪಡುವವರ ಬಿಲ್ಲು ಇಳಿಯಬಹುದು, ಹತ್ತು ಆರಿಸುವವರದು ಸುಮಾರು ಶೇಕಡ 25 ಏರಬಹುದು ಎಂದು ಕ್ರಿಸಿಲ್ ಸಂಸ್ಥೆ ಆಗಲೇ ಲೆಕ್ಕ ಹಾಕಿತ್ತು. ಕನ್ನಡದ ಜೊತೆ ಮರಾಠಿ, ಹಿಂದಿ, ತೆಲುಗು ನೋಡುವ ಗಡಿ ಸೀಮೆಯ ಮನೆಗೆ ಇದರಿಂದ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆಯ್ಕೆಯ ಸ್ವಾತಂತ್ರ್ಯ ಒಳ್ಳೆಯದು. ಆದರೆ ಸ್ವಾತಂತ್ರ್ಯದಿಂದ ಖರ್ಚು ತಾನಾಗಿ ಇಳಿಯುವುದಿಲ್ಲ.

ಬ್ಯಾಂಕಿನ ಕಾರ್ಡಿನಿಂದ ತಾನಾಗಿ ಹಣ ಕಡಿದುಕೊಳ್ಳುವ ಚಂದಾಗಳಿಗೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಕಟ್ಟು ಹಾಕಿದೆ. ಹಣ ಕಡಿಯುವ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಲೇಬೇಕು. ನಮ್ಮ ದೃಷ್ಟಿಯಲ್ಲಿ ಇದು ಮಾದರಿ ನಿಯಮ. ಯಾರೂ ದೂರು ಕೊಡದೆಯೇ ಕೆಲಸ ಮಾಡುತ್ತದೆ. ಸೇರಲು ಒಂದು ಗುಂಡಿ, ಬಿಡಲು ಹತ್ತು ಬಾಗಿಲು ಎಂಬ ‘ಚಂದಾ ಬಲೆ’ಯೂ ಸೇರಿದಂತೆ 13 ಬಗೆಯ ಮೋಸದ ವಿನ್ಯಾಸಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ. ಅದರ ಜಾರಿ ಇನ್ನೂ ಬಿಗಿಯಾಗಬೇಕು.

ಬೀದರಕ್ಕೆ ಹೋಗಿ ದೂರು ಕೊಡುವುದು

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂತು. ಕೊಂಡವರು ತಾವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಪರೀಕ್ಷೆಯ ಅಗತ್ಯವಿಲ್ಲದ ದೂರು 3 ತಿಂಗಳಲ್ಲಿ, ಇದ್ದದ್ದು 5 ತಿಂಗಳಲ್ಲಿ ತೀರ್ಮಾನವಾಗಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಕಾನೂನು ಕಷ್ಟ.

ಆದರೆ ಆಯೋಗ ಇರುವುದು ಜಿಲ್ಲಾ ಕೇಂದ್ರವಾದ ಬೀದರ ನಗರದಲ್ಲಿ. ಭಾಲ್ಕಿಯಿಂದಲೂ ಔರಾದದಿಂದಲೂ ಸುಮಾರು 40 ಕಿಲೋಮೀಟರು. ನಗರದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಮತ್ತೆ ಹೋಗಬಹುದು. ಔರಾದದ ಹಳ್ಳಿಯವರಿಗೆ ಪ್ರತಿ ವಾಯಿದೆಗೂ ಒಂದು ದಿನದ ದುಡಿಮೆ ಹೋಗುತ್ತದೆ. ಮೂವತ್ತು ರೂಪಾಯಿಯ ಮೋಸಕ್ಕೆ ಯಾರು ಹೋಗುತ್ತಾರೆ? ಮೋಸಗಾರನಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಅಂತರ್ಜಾಲದ ಮೂಲಕ ದೂರು ಕೊಡುವ ವ್ಯವಸ್ಥೆ 2020ರಿಂದ ಇದೆ. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಸಣ್ಣ ಮೊತ್ತಕ್ಕೆ ಮೊದಲು ಈ ಸಹಾಯವಾಣಿಯನ್ನು ಬಳಸಬೇಕೆಂದು ನಾವು ಹೇಳುತ್ತೇವೆ. ಆದರೆ ರಸೀದಿ ಇರಬೇಕು. ರಸೀದಿ ಕೇಳುವ ಅಭ್ಯಾಸವೇ ಇಲ್ಲದಿದ್ದರೆ ಯಾವ ಆಯೋಗವೂ ಏನೂ ಮಾಡಲಾರದು.

ಬೆಳೆಗಾರನೂ ಗ್ರಾಹಕ

ತೋಟಕ್ಕೆ ಕೊಂಡದ್ದು ವ್ಯಾಪಾರಕ್ಕೆ ಕೊಂಡದ್ದೆಂದು ಹೇಳಿ ನಮ್ಮನ್ನು ಹೊರಗಿಡಲು ಕಂಪೆನಿಗಳು ಯತ್ನಿಸಿದ್ದುಂಟು. ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ 2012ರ ಜನವರಿ 16ರಂದು ಸುಪ್ರೀಂ ಕೋರ್ಟು ಬೀಜ ಕೊಂಡ ರೈತ ಗ್ರಾಹಕನೇ ಎಂದು ಸ್ಪಷ್ಟಪಡಿಸಿತು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲವೆಂದು ಕಾಯಿದೆಯೂ ಹೇಳುತ್ತದೆ. ಸಿಂಪಡಣೆಯ ಪಂಪಿಗೂ ಕಳೆ ಕತ್ತರಿಸುವ ಯಂತ್ರಕ್ಕೂ ಇದು ಆಸರೆ.

‘ಲಿಂಕ್’ ಎಂಬ ರೋಗ ಎಲ್ಲರಿಗೂ ಗೊತ್ತು. 45 ಕಿಲೋ ಯೂರಿಯಾ ಚೀಲಕ್ಕೆ ಬೇವಿನ ಲೇಪನದ ಖರ್ಚು ಮತ್ತು ತೆರಿಗೆ ಬಿಟ್ಟು 242 ರೂಪಾಯಿ ಎಂದು ಸರ್ಕಾರವೇ ಬೆಲೆ ಕಟ್ಟಿದೆ. ಚೀಲದ ಬೆಲೆಯಲ್ಲಿ ಆಟವಾಡಲಾಗದೆ, ಬೇಡದ ಟಾನಿಕ್ ಡಬ್ಬಿಯನ್ನು ಜೊತೆಗೆ ಕಟ್ಟುತ್ತಾರೆ. ತೋಟದಲ್ಲಿಯೂ ಇದೇ, ಬೀದರದ ಎರೆಹೊಲದಲ್ಲಿಯೂ ಇದೇ. ಒಂದನ್ನು ಕೊಡಲು ಇನ್ನೊಂದನ್ನು ಕೊಳ್ಳಲೇಬೇಕೆನ್ನುವುದು 2019ರ ಕಾಯಿದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಆದರೂ ಮಳೆ ಬಿದ್ದ ವಾರದಲ್ಲಿ ಗೊಬ್ಬರ ಬೇಕಾದವನು ದೂರು ಬರೆಯುತ್ತಾ ಕೂರುವುದಿಲ್ಲ. ಡಬ್ಬಿಯನ್ನೂ ಹೊತ್ತುಕೊಂಡು ಹೋಗುತ್ತಾನೆ.

ಆಕ್ಷೇಪಣೆ ಮತ್ತು ಉತ್ತರ

ಇಷ್ಟೆಲ್ಲ ನಿಯಮಗಳಿಂದ ಸಣ್ಣ ಪುಡಿ ಗಿರಣಿಗಳಿಗೆ, ಸಹಕಾರ ಸಂಘಗಳಿಗೆ ಭಾರವಾಗುತ್ತದೆ, ಆ ಖರ್ಚು ಕೊನೆಗೆ ಗ್ರಾಹಕರ ತಲೆಗೇ ಬರುತ್ತದೆ ಎಂಬ ವಾದವುಂಟು. ಇದರಲ್ಲಿ ಸತ್ಯಾಂಶವಿದೆ. ಆದರೆ ಅಚ್ಚಿನ ಖರ್ಚಿಗಿಂತ ಕಲಬೆರಕೆಯವನ ಜೊತೆ ಪೈಪೋಟಿ ಮಾಡುವ ಖರ್ಚು ದೊಡ್ಡದು. ಪ್ರಾಮಾಣಿಕವಾಗಿ ಶೇಕಡ 80 ಕಾಫಿ ಹಾಕಿದವರಿಗೆ ಆ ಅಂಕಿ ದೊಡ್ಡದಾಗಿ ಕಾಣುವುದೇ ಲಾಭ. ಸುಪಾರಿ ಪೊಟ್ಟಣದ ಮೇಲೆ ಆರೋಗ್ಯದ ಎಚ್ಚರಿಕೆ ಹಾಕಬೇಕೆಂಬ ನಿಯಮ ನಮಗೆ ಕಹಿಯಾದರೂ, ಕಾಫಿಯಲ್ಲಿ ಸತ್ಯ ಬೇಕು, ಅಡಿಕೆಯಲ್ಲಿ ಬೇಡ ಎನ್ನಲು ನಮಗೆ ಬಾಯಿಲ್ಲ. ಆಮದು ಅಡಿಕೆಗೆ 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆ ಗೊತ್ತುಮಾಡಿದಾಗ ನಾವು ಸರ್ಕಾರವನ್ನು ಅಭಿನಂದಿಸಿದವರು. ನಮ್ಮ ಬೆಲೆಗೆ ನೆಲ ಬೇಕೆನ್ನುವವರು ಕೊಳ್ಳುವವರ ಬೆಲೆಗೆ ಸೂರು ಬೇಡವೆಂದರೆ ನ್ಯಾಯವಾಗದು.

ನಾವು ಮಾಡಬೇಕಾದದ್ದು

ಬರಿಯ ಕಾನೂನಿನಿಂದ ಬೆಲೆ ನ್ಯಾಯವಾಗುವುದಿಲ್ಲವೆಂದು 1973ರಲ್ಲಿಯೇ ನಮ್ಮವರು ಕಂಡುಕೊಂಡರು. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ ಕ್ಯಾಂಪ್ಕೊ ಹುಟ್ಟಿದ್ದೇ ಹಾಗೆ. ಅದೇ ಬುದ್ಧಿಯನ್ನು ಅಂಗಡಿಯ ಕಡೆಗೂ ತಿರುಗಿಸಬೇಕು. ಬರುವ ವಾರ್ಷಿಕ ಮಹಾಸಭೆಯ ಮುಂದೆ ಈ ಸಲಹೆಗಳನ್ನಿಡುತ್ತೇವೆ.

ನಮ್ಮ ಮಳಿಗೆಯಲ್ಲಿ ಪ್ರತಿ ಸರಕಿನ ಕಿಲೋ ದರವನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಹಲಗೆಯ ಮೇಲೆ ಬರೆಯಬೇಕು. ನಮ್ಮ ಕಾಫಿ ಪುಡಿಯ ಪೊಟ್ಟಣದ ಮುಂಬದಿಯಲ್ಲಿಯೇ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಕನ್ನಡದಲ್ಲಿ ಅಚ್ಚು ಹಾಕಬೇಕು. 10 ಗ್ರಾಮಿನ ಕೆಳಗಿನ ಪೊಟ್ಟಣಕ್ಕೂ ವಿನಾಯಿತಿ ಪಡೆಯದೆ ತೂಕ, ಬೆಲೆ ಹಾಕಬೇಕು. ಲಿಂಕ್ ಮಾರಾಟವನ್ನು ನಮ್ಮ ಕೌಂಟರಿನಲ್ಲಿ ಒಪ್ಪಕೂಡದು. ಕೇಳಲಿ ಬಿಡಲಿ, ರಸೀದಿ ಕೊಡಲೇಬೇಕು. ಸದಸ್ಯರ ದೂರುಗಳನ್ನು ಬರೆದು ಅಂತರ್ಜಾಲದಲ್ಲಿ ಸಲ್ಲಿಸಲು ತಿಂಗಳಿಗೊಂದು ದಿನ ಒಬ್ಬ ನೌಕರರನ್ನು ಕೂರಿಸಬೇಕು. ಬೀದರ, ಭಾಲ್ಕಿ, ಔರಾದದ ಸಹಕಾರ ಸಂಘಗಳೊಡನೆ ಪತ್ರವ್ಯವಹಾರ ಮಾಡಿ, ನಮ್ಮ ಪುಡಿ ಅಲ್ಲಿಗೆ, ಅವರ ತೊಗರಿಬೇಳೆ ಇಲ್ಲಿಗೆ ನೇರವಾಗಿ ಬರುವ ಸಾಧ್ಯತೆಯನ್ನು ಆಡಳಿತ ಮಂಡಳಿ ಪರಿಶೀಲಿಸಬೇಕು.

ಸರ್ಕಾರವನ್ನು ಕೇಳಬೇಕಾದದ್ದು ಮೂರು: ಚಿಕ್ಕ ಪೊಟ್ಟಣದ ವಿನಾಯಿತಿ ಹೋಗಲಿ, ತೆರಿಗೆ ಇಳಿಕೆಯ ದೂರಿಗೆ ಬಾಗಿಲು ಮತ್ತೆ ತೆರೆಯಲಿ, ಗ್ರಾಹಕ ಆಯೋಗ ತಿಂಗಳಿಗೊಮ್ಮೆಯಾದರೂ ತಾಲೂಕು ಊರಿನಲ್ಲಿ ಕೂರಲಿ. ಈ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯವನ್ನು ಮಹಾಸಭೆಗೆ ಮೊದಲೇ ಕಚೇರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.